ಬೆಂಡೆಕಾಯಿ ತುದಿ ಆ್ಯಪ್‌ನಲ್ಲಿ ಮುರಿಯೋಕಾಗುತ್ತಾ?

ರಾತ್ರಿ ಎಂಟೂವರೆ. ಮೆಟ್ರೋದಲ್ಲಿ ನಿಂತುಕೊಂಡೇ ಹಾಲು, ಮೊಸರು, ಬ್ರೆಡ್ ಆರ್ಡರ್ ಮಾಡಿದರೆ, ಮನೆ ಮುಟ್ಟುವಷ್ಟರಲ್ಲಿ ಚೀಲ ಬಾಗಿಲಲ್ಲಿರುತ್ತೆ. ಬೆಂಗಳೂರಿನಲ್ಲಿ ದುಡಿಯುವ ನಮ್ಮಂಥ ಎಷ್ಟೋ ಜನರ ದಿನಚರಿ ಇದು.

ಮೈಸೂರಿನಲ್ಲಿ ಒಬ್ಬರೇ ಇರುವ ಅಮ್ಮನಿಗೂ ಇದನ್ನೇ ಕಲಿಸಲು ಹೋದೆ. ಮಂಡಿನೋವು ಬೇರೆ, ಚೀಲ ಹೊತ್ತು ಎರಡನೇ ಮಹಡಿ ಹತ್ತಬೇಕು. ‘ಆ್ಯಪ್ ಹಾಕಿಕೊಡ್ತೀನಮ್ಮಾ’ ಅಂದೆ. ‘ಬೆಂಡೆಕಾಯಿ ತುದಿ ಮುರಿದು ನೋಡೋಕಾಗುತ್ತಾ ಅದ್ರಲ್ಲಿ?’ ಅಂದರು.

ಆನ್‌ಲೈನ್ ದಿನಸಿ ಹೊಸದೇನಲ್ಲ. ಬಿಗ್‌ಬಾಸ್ಕೆಟ್ ಬೆಂಗಳೂರಿನಲ್ಲಿ ಶುರುವಾಗಿದ್ದು 2011ರಲ್ಲಿ. ಹಾಗಾಗಿ ದೊಡ್ಡವರು ಕೊಳ್ಳದಿರುವುದಕ್ಕೆ ‘ಅವರಿಗೆ ಗೊತ್ತಾಗಲ್ಲ’ ಅನ್ನುವುದೊಂದೇ ಕಾರಣವಲ್ಲ. ತೆಂಗಿನಕಾಯಿ ಅಲ್ಲಾಡಿಸಿ ನೀರಿದೆಯಾ ನೋಡಬೇಕು. ಕೊಸರು ಅಂತ ನಾಲ್ಕು ಎಳೆ ಕರಿಬೇವು ಸಿಗಬೇಕು. ಓಟಿಪಿ ಅಂದರೆ ಬ್ಯಾಂಕ್ ದುಡ್ಡು ಹೋದೀತೆಂಬ ಭಯ. ಮೇಲಾಗಿ, ಗಾಡಿಯವನ ಜೊತೆ ಎರಡು ಮಾತು.

ನಮ್ಮ ಲೆಕ್ಕ ಬೇರೆ. ನಾವು ಕೊಳ್ಳುವುದು ಸಮಯವನ್ನು. ಡೆಲಿವರಿ, ಹ್ಯಾಂಡ್ಲಿಂಗ್ ಅಂತ ಬಿಲ್ಲಿನ ಕೊನೆಗೆ ಸೇರುವ ಚಿಲ್ಲರೆಯನ್ನು ತಿಂಗಳ ಕೊನೆಗೆ ಒಮ್ಮೆ ಕೂಡಿ ನೋಡಿ, ಆ ಸಮಯದ ಬೆಲೆ ಗೊತ್ತಾಗುತ್ತೆ!

ಒಂದು ದಿನ ಅಮ್ಮನನ್ನು ಕೇಳದೆಯೇ ತರಕಾರಿ ಕಳಿಸಿದೆ. ಟೊಮೆಟೊ ಅರ್ಧ ಕೊಳೆತಿತ್ತು. ದುಡ್ಡೇನೋ ವಾಪಸ್ ಬಂತು. ಅಮ್ಮನಿಗೆ ಬೇಜಾರಾಗಿದ್ದು ಟೊಮೆಟೊಗಲ್ಲ: ‘ನನ್ನ ಅಡುಗೆಮನೆಗೆ ಏನು ಬೇಕು ಅಂತ ನನ್ನನ್ನೇ ಕೇಳಲ್ವಾ?’ ಸಹಾಯ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಆರಿಸುವ ಹಕ್ಕನ್ನೇ ಕಿತ್ತುಕೊಂಡಿದ್ದೆ.

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಇದೆ. ಅಕ್ಕಿ, ಬೇಳೆ, ಎಣ್ಣೆಯಂಥ ಭಾರದ ಸಾಮಾನು ಆನ್‌ಲೈನ್‌ನಲ್ಲಿ. ಪಟ್ಟಿ ಅಮ್ಮನದು, ಪೇಮೆಂಟ್ ನನ್ನದು. ಸೊಪ್ಪು, ತರಕಾರಿ ಬೀದಿಗೆ ಬರುವ ಗಾಡಿಯಲ್ಲಿ.

ಪ್ಯಾಕೆಟ್ ಬಂದ ಕೂಡಲೇ ಅಮ್ಮ ಕನ್ನಡಕ ಹಾಕಿಕೊಂಡು ದಿನಾಂಕ ನೋಡುತ್ತಾರೆ. ನೀವೂ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಕಂಪನಿಗಳಿಗೆ ಸೂಚಿಸಿದ ಪ್ರಕಾರ, ಆಹಾರ ನಿಮ್ಮ ಕೈಸೇರುವಾಗ ಅದರ ಬಾಳಿಕೆಯಲ್ಲಿ ಕನಿಷ್ಠ ಶೇ 30 ಭಾಗ ಅಥವಾ ಎಕ್ಸ್‌ಪೈರಿಗೆ 45 ದಿನ ಉಳಿದಿರಬೇಕು. ಪ್ಯಾಕೆಟ್ ಮೇಲೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯಾ ಅಂತಲೂ ಗಮನಿಸಿ.

ಊರಲ್ಲಿರುವ ಅಪ್ಪ-ಅಮ್ಮನಿಗೆ ಆರ್ಡರ್ ಮಾಡುವ ಮುಂಚೆ ಒಂದು ಫೋನ್ ಮಾಡಿ, ‘ಏನು ಕಳಿಸಲಿ?’ ಅಂತ ಕೇಳಿ. ಬೆಂಡೆಕಾಯಿ ಮಾತ್ರ ಅವರಿಗೇ ಬಿಡಿ.