ಪೆಟ್ಟಾದ ಮೈಗೆ ಗುಳಿಗೆಯಷ್ಟೇ ಸಾಲದು

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಮೂಟೆ ಹೊರುವ ಹಮಾಲರು, ಮೊಳಕಾಲ್ಮೂರಿನಲ್ಲಿ ಗುಂಡಿಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ನೇಯುವವರು, ಗಾರೆ ಕೆಲಸದವರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಕೈ ಮುರಿದರೆ, ಸೊಂಟ ಹಿಡಿದರೆ ಇವರ ಮೊದಲ ಚಿಂತೆ ಎಷ್ಟು ದಿನದ ಕೂಲಿ ಹೋಯಿತು ಎಂಬುದು. ನೋವಿನ ಮಾತು ಆಮೇಲೆ. ಹಾಗಾಗಿ ಬೆಳಿಗ್ಗೆ ಒಂದು ಸೂಜಿ ಹಾಕಿಸಿಕೊಂಡು ಮಧ್ಯಾಹ್ನವೇ ಮೂಟೆಗೆ ಬೆನ್ನು ಕೊಡುತ್ತಾರೆ. ಸೂಜಿಯಿಂದ ನೋವು ತಿಳಿಯದಾಗುತ್ತದೆ, ಪೆಟ್ಟು ವಾಸಿಯಾಗಿರುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆಗಳ ವಿಷಯದಲ್ಲಿ ಎಚ್ಚರವಿರಲಿ. ಪ್ಯಾರಾಸಿಟಮಾಲ್ ಇದ್ದುದರಲ್ಲಿ ಸೌಮ್ಯ. ಆದರೂ ದೊಡ್ಡವರು ದಿನಕ್ಕೆ 4 ಗ್ರಾಂ, ಅಂದರೆ 500 ಮಿ.ಗ್ರಾಂನ 8 ಗುಳಿಗೆ ಮೀರಿದರೆ ಯಕೃತ್ತಿಗೆ ಅಪಾಯ. ನೆಗಡಿಯ ಗುಳಿಗೆಗಳಲ್ಲೂ ಅದೇ ಔಷಧಿ ಇರುವುದುಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇನ್ನೂ ಖಾರ. ಹಸಿದ ಹೊಟ್ಟೆಯಲ್ಲಿ ದಿನವೂ ನುಂಗಿದರೆ ಜಠರದಲ್ಲಿ ಹುಣ್ಣು, ನಮ್ಮ ಕಡೆಯ ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಮೂತ್ರಪಿಂಡಕ್ಕೆ ಪೆಟ್ಟು. ಮಲ ಡಾಂಬರಿನಂತೆ ಕಪ್ಪಾದರೆ ಗುಳಿಗೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಹಾಕಿಸಿಕೊಂಡವರ ಮನೆಯವರು ಒಂದು ಮಾತು ನೆನಪಿಡಬೇಕು. ದಿನ ಕಳೆದಂತೆ ನೋವು ಇಳಿಯಬೇಕು. ಏರುತ್ತಲೇ ಹೋಗಿ, ಬೆರಳುಗಳು ಜೋಮು ಹಿಡಿದು, ತಣ್ಣಗಾಗಿ, ನೀಲಿಗಟ್ಟಿದರೆ ಅದು ಸಹಿಸಿಕೊಳ್ಳುವ ನೋವಲ್ಲ. ಬೆಳಗಾಗಲಿ ಎಂದು ಕಾಯುತ್ತಾ ಕೂತರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ನಾಟಿ ಕಟ್ಟು ಬಿಗಿಯಾಗಿ ಕಟ್ಟಿಸಿದ್ದರೂ ಇದೇ ಮಾತು. ಹೊಸ ಪೆಟ್ಟಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಅದರಲ್ಲೂ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಮಡಚಲಾಗದಂತೆ ಆಗುವುದುಂಟು. ಎಣ್ಣೆಯ ಊರಿನವರಿಗೆ ಈ ಮಾತು ರುಚಿಸಲಿಕ್ಕಿಲ್ಲ!

ಸೊಂಟದ ಸಾಮಾನ್ಯ ನೋವಿಗೆ ವಾರಗಟ್ಟಲೆ ಮಲಗುವುದು ಮದ್ದಲ್ಲ. ಆದಷ್ಟು ಬೇಗ ಎದ್ದು ಮನೆಯೊಳಗೇ ನಡೆದಾಡಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಿ. ಬೀಡಿ ಸೇದಿದರೆ ಮುರಿದ ಮೂಳೆ ಕೂಡಲು ತಡವಾಗುತ್ತದೆ. ನೋವು ಮರೆಯಲೆಂದೇ ಸೇದುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಮಾಝ್ ಬಿಟ್ಟುಹೋಗುತ್ತದಲ್ಲ ಎಂದು ಕೊರಗಿ, ಹಲ್ಲು ಕಚ್ಚಿ ರುಕೂ ಮಾಡುವವರಿದ್ದಾರೆ. ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ), ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ತಿಳಿಸಿದ್ದು ಬುಖಾರಿಯಲ್ಲಿದೆ. ಗಾಯಕ್ಕೆ ನೀರು ತಾಗಬಾರದೆಂದಿದ್ದರೆ ವುಝೂವಿನಲ್ಲಿ ಪಟ್ಟಿಯ ಮೇಲೆ ಒದ್ದೆ ಕೈ ಸವರುವ, ಇಲ್ಲವೇ ತಯಮ್ಮುಮ್ ಮಾಡುವ ರಿಯಾಯಿತಿ ಇದೆ. ನಿಮ್ಮ ಸ್ಥಿತಿಗೆ ಯಾವುದು ಸರಿ ಎಂಬುದನ್ನು ಆಲಿಮರಲ್ಲಿ ಕೇಳಿಕೊಳ್ಳಿ. ರಮಝಾನಿನಲ್ಲಿ ರೋಗಿಗೆ ಉಪವಾಸ ಬಿಟ್ಟು ಆಮೇಲೆ ಪೂರೈಸುವ ಅನುಮತಿಯನ್ನು ಕುರ್‌ಆನೇ (ಅಲ್ ಬಕರಃ 184) ಕೊಟ್ಟಿದೆ. ಇಡೀ ದಿನದ ಗುಳಿಗೆಗಳನ್ನು ಸಹರಿಯಲ್ಲಿ ಒಟ್ಟಿಗೆ ನುಂಗುವುದು ಬೇಡ.

ಇನ್ನು ಕೂಲಿಯ ಮಾತು. ಅವಸರದಲ್ಲಿ ಕೆಲಸಕ್ಕೆ ಮರಳುವುದು ಹಟದಿಂದಲ್ಲ, ಒಲೆ ಉರಿಯಬೇಕು ಎಂಬ ಕಾರಣಕ್ಕೆ. ಝಕಾತ್ ಪಡೆಯಲು ಅರ್ಹರಾದವರಲ್ಲಿ ಬಡವರೂ ಸಾಲಗಾರರೂ ಇದ್ದಾರೆ. ಎರಡು ತಿಂಗಳ ಅಕ್ಕಿಬೇಳೆ ಮನೆಗೆ ತಲುಪಿದರೆ ಆ ಮನುಷ್ಯ ಮೂಳೆ ಕೂಡುವವರೆಗೆ ಕಾಯುತ್ತಾನೆ. ಇಎಸ್‌ಐ ಇರುವ ಕಾರ್ಖಾನೆಯವರಿಗೆ ಕೆಲಸದಲ್ಲಾದ ಗಾಯಕ್ಕೆ ದಿನಗೂಲಿಯ ಶೇ. 90ರಷ್ಟು ಭತ್ಯೆ ಸಿಗುತ್ತದೆ. ಇಎಸ್‌ಐ ಇಲ್ಲದ ಕಡೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕನ್ನು ಈ ದೇಶದ ಕಾನೂನು 1923ರಲ್ಲೇ ಕೊಟ್ಟಿದೆ. ಅರ್ಜಿಗೆ 2 ವರ್ಷದ ಗಡುವಿದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಆಸ್ಪತ್ರೆಯ ಮೊದಲ ದಿನದ ಚೀಟಿ, ಎಕ್ಸ್‌ರೇ, ಔಷಧಿಯ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತಿಡಿ. ಆ ಚೀಟಿಯಲ್ಲಿ ಗಾಯ ಎಲ್ಲಿ, ಯಾವ ಕೆಲಸ ಮಾಡುವಾಗ ಆಯಿತು ಎಂದು ವೈದ್ಯರಿಂದ ಬರೆಸಿಕೊಳ್ಳಲು ಮರೆಯಬೇಡಿ.