ಮಕ್ಕಳಿರುವ ಮನೆಗೆ ಎಂಥ ನಾಯಿ?

ಮನೆಗೊಂದು ನಾಯಿ ಬೇಕೆಂಬ ಮಾತು ಸಾಮಾನ್ಯವಾಗಿ ಮಕ್ಕಳ ಬಾಯಿಂದಲೇ ಹೊರಡುವದು. ನೆರೆಮನೆಯಲ್ಲಿ ಕಂಡ ಮರಿಯೊಂದು, ರಜೆಗೆಂದು ಬೆಂಗಳೂರಿನಿಂದ ಬಂದ ನೆಂಟರ ಕಾರಿನಿಂದಿಳಿದ ಬಿಳಿಯ ನಾಯಿಯೊಂದು, ಮೊಬೈಲಿನಲ್ಲಿ ಕುಣಿದ ಇನ್ನೊಂದು, ಇಷ್ಟು ಸಾಕು. ಆ ದಿನದಿಂದ ಹಿರಿಯರಿಗೆ ನೆಮ್ಮದಿಯಿಲ್ಲ. 2022ರಲ್ಲಿ ‘777 ಚಾರ್ಲಿ’ ಎಂಬ ಕನ್ನಡ ಚಲಚ್ಚಿತ್ರವು ಬಂದ ತರುವಾಯ ಲ್ಯಾಬ್ರಡಾರ್ ಎಂಬ ಹೆಸರು ನಮ್ಮ ಮನೆಯ ಮಕ್ಕಳ ಬಾಯಿಗೂ ಬಂದಿತು. ಹಿರಿಯರು ಕೊನೆಗೆ ಸೋತು ಕೇಳುವ ಪ್ರಶ್ನೆ ಒಂದೇ: “ಯಾವ ಜಾತಿಯದನ್ನು ತರೋಣ?” ಎಲ್ಲಕ್ಕೂ ಕೊನೆಯಲ್ಲಿ ಕೇಳತಕ್ಕ ಈ ಪ್ರಶ್ನೆಯನ್ನು ಮೊದಲಿಗೇ ಕೇಳುವದರಿಂದಲೇ ಮುಂದಿನ ತೊಂದರೆಗಳೆಲ್ಲ ಹುಟ್ಟುವವೆಂಬುದು ನಮ್ಮ ಅನುಭವ.

ನಮ್ಮದು ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸೀಮೆ. ಇಲ್ಲಿಯ ಅಡಿಕೆ ತೋಟದ ಮನೆಗಳಲ್ಲಿಯೂ, ಸಿದ್ದಿಗಳ ಮನೆಗಳಲ್ಲಿಯೂ, ಗೌಳಿವಾಡೆಗಳಲ್ಲಿಯೂ ನಾಯಿ ಹೊಸತಲ್ಲ. ಮಂಗಗಳನ್ನು ತೋಟದಿಂದ ಅಟ್ಟುವದು, ಕಾಡುಹಂದಿ ಬಂದರೆ ಕೂಗುವದು, ಅಪರಿಚಿತರು ದಣಪೆ ದಾಟಿದರೆ ಮನೆಯವರಿಗೆ ತಿಳಿಸುವದು, ಇವು ಅದರ ಕೆಲಸಗಳು. ಹಿಂದೆ ನಾಯಿಯನ್ನು ಯಾರೂ ಆರಿಸಿ ತರುತ್ತಿರಲಿಲ್ಲ. ಎಲ್ಲಿಯೋ ಹುಟ್ಟಿದ ಮರಿ ಮನೆಗೆ ಬಂದು ಸೇರುತ್ತಿತ್ತು. ಈಗ ಹಣ ಕೊಟ್ಟು ದೂರದ ಪಟ್ಟಣದಿಂದ ತರುವ ರೂಢಿ ಬೆಳೆದಿದೆ. ಹಣ ಕೊಟ್ಟು ತರುವಲ್ಲಿ ತಪ್ಪೇನೂ ಇಲ್ಲ. ವಿಚಾರವಿಲ್ಲದೆ ತರುವಲ್ಲಿ ಮಾತ್ರ ತಪ್ಪುಂಟು. ಆ ತಪ್ಪನ್ನು ನಾವೇ ಮಾಡಿದ್ದರಿಂದ ಇದನ್ನು ಬರೆಯುವ ಅಧಿಕಾರ ನಮಗಿದೆಯೆಂದು ತಿಳಿಯುತ್ತೇವೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಹಟಕ್ಕೆ ಮಣಿದು ನಾವು ಜರ್ಮನ್ ಶೆಫರ್ಡ್ ಮರಿಯೊಂದನ್ನು ತರಿಸಿದೆವು. ತಾಯಿಯ ಮಗ್ಗುಲಿನಲ್ಲಿ ಇನ್ನೂ ಮಲಗಬೇಕಾಗಿದ್ದ ಎಳೆಯ ಕೂಸು ಅದು. ಮೊದಲಿನ ಹದಿನೈದು ದಿನ ಮಕ್ಕಳು ಅದನ್ನು ನೆಲಕ್ಕಿಳಿಸಲಿಲ್ಲ. ಆಮೇಲೆ ಶಾಲೆಯ ಪರೀಕ್ಷೆಗಳು ಬಂದವು. ಅದರ ಬೆನ್ನಿಗೆ ಕೊನೆಕೊಯ್ಲು ಬಂದಿತು. ಹಗಲು ಕೊನೆ ಇಳಿಸುವದು, ರಾತ್ರಿ ಅಡಿಕೆ ಸುಲಿಯುವದು. ಮನೆಯಲ್ಲಿ ಯಾರಿಗೂ ಪುರಸತ್ತಿಲ್ಲ. ಮರಿ ಕಾಲಿಗೆ ತೊಡರುವದೆಂದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆವು. ಓಡಾಡಿ ದಣಿಯಬೇಕಾದ, ನಾಲ್ಕು ಮಾತು ಕಲಿಯಬೇಕಾದ ವಯಸ್ಸಿನಲ್ಲಿ ಅದು ಕಟ್ಟಿದಲ್ಲಿಯೇ ಬೆಳೆಯಿತು. ಒಂದು ದಿನ ಅದು ಉಣ್ಣುತ್ತಿದ್ದಾಗ ನಮ್ಮ ತಮ್ಮನ ನಾಲ್ಕು ವರ್ಷದ ಮಗಳು ಪ್ರೀತಿಯಿಂದಲೇ ಅದರ ತಟ್ಟೆಗೆ ಕೈಹಾಕಿದಳು. ನಾಯಿ ಕಚ್ಚಿತು.

ಗಾಯವನ್ನು ತೊಳೆದು ಆಸ್ಪತ್ರೆಗೆ ಒಯ್ದು ಸೂಜಿಮದ್ದು ಹಾಕಿಸಿದೆವು, ಕೂಸು ಗುಣವಾಯಿತು. ನಾಯಿಯನ್ನು ನೋಡಿದ ಪಶುವೈದ್ಯರು, “ಇದರ ತಪ್ಪಿಲ್ಲ, ಇದಕ್ಕೆ ಯಾರೂ ಏನನ್ನೂ ಕಲಿಸಿಲ್ಲ,” ಎಂದರು. ಆದರೆ ಮನೆಯಲ್ಲಿ ಭಯ ಹೊಕ್ಕಿತ್ತು. ಅಂದಿನಿಂದ ನಾಯಿಯನ್ನು ಅಂಗಳದ ಅಂಚಿಗೆ ಕಟ್ಟುವದಾಯಿತು. ಆಷಾಢದ ಒಂದು ರಾತ್ರಿ, ಜಡಿಮಳೆಯ ಸದ್ದಿನಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಬೆಳಗಾಗುವಾಗ ಸರಪಳಿ ಮಾತ್ರ ಉಳಿದಿತ್ತು. ಕೆಸರಿನಲ್ಲಿ ಚಿರತೆಯ ಹೆಜ್ಜೆಗಳಿದ್ದವು. ಆ ಹುಡುಗಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ನಮ್ಮನ್ನು ಕೇಳಿದಳು: “ದೊಡ್ಡಪ್ಪಾ, ನಾನು ತಟ್ಟೆಗೆ ಕೈಹಾಕಿದ್ದಕ್ಕೆ ಅದನ್ನು ಹೊರಗೆ ಕಟ್ಟಿದಿರೋ?” ಈ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ.

ಆದುದರಿಂದ ನಾಯಿಯನ್ನು ತರುವ ಮೊದಲು ಗೃಹಸ್ಥನು ತನ್ನ ಮನೆಯ ಲೆಕ್ಕವನ್ನು ತೆಗೆಯಬೇಕು. ಮೊದಲನೆಯದು ವೇಳೆಯ ಲೆಕ್ಕ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ನಡಿಗೆ ಅಥವಾ ಆಟ, ಎರಡು ಹೊತ್ತು ಊಟ, ಮೈ ಬಾಚಿ ನೋಡುವದು, ಕಲಿಸುವದು. ದಿನಕ್ಕೆ ಒಂದೂವರೆ ತಾಸಾದರೂ ಬೇಕು. ಇದನ್ನು ಕೊಡುವವರು ಯಾರು? ‘ಮಕ್ಕಳು ನೋಡಿಕೊಳ್ಳುವರು’ ಎಂಬ ಉತ್ತರವನ್ನು ಯಾರೂ ನಂಬಬಾರದು. ‘ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ’ ಎಂಬ ಗಾದೆ ಇಂಥ ಮನೆಗಳಿಗಾಗಿಯೇ ಹುಟ್ಟಿದಂತಿದೆ. ಯಜಮಾನನು ಮಕ್ಕಳಿಗೆ ಹೇಳುವನು, ಮಕ್ಕಳು ತಾಯಿಗೆ ಹೇಳುವರು, ತಾಯಿ ಕೊಟ್ಟಿಗೆಯ ಕೆಲಸ, ಅಡಿಗೆಯ ಕೆಲಸಗಳ ನಡುವೆ ಯಾರಿಗೆ ಹೇಳಬೇಕು? ಹಿರಿಯರಲ್ಲಿ ಒಬ್ಬರಾದರೂ ‘ಇದು ನನ್ನ ಕೆಲಸ’ ಎಂದು ಒಪ್ಪದ ಮನೆಗೆ ಯಾವ ಜಾತಿಯ ನಾಯಿಯೂ ಸಲ್ಲದು.

ಎರಡನೆಯದು ವರ್ಷಗಳ ಲೆಕ್ಕ. ನಾಯಿಯ ಆಯುಷ್ಯ ಹತ್ತರಿಂದ ಹದಿನಾಲ್ಕು ವರ್ಷ. ಐದನೆಯ ತರಗತಿಯ ಮಾಣಿ ತಂದ ಮರಿಯು ಮುದಿಯಾಗುವಾಗ ಅವನು ಓದಿಗಾಗಿಯೋ ನೌಕರಿಗಾಗಿಯೋ ಧಾರವಾಡ ಬೆಂಗಳೂರುಗಳನ್ನು ಸೇರಿರುವನು. ಆಗ ಅದನ್ನು ಹಿಡಿದು ನಡೆಸುವವರು ಅರುವತ್ತು ದಾಟಿದ ತಾಯಿತಂದೆಗಳೇ. ಮೂವತ್ತು ಕಿಲೋ ತೂಕದ, ಜಗ್ಗುವ ನಾಯಿ ಅವರ ಕೈಗೆ ಹತ್ತುವದೋ ಎಂಬುದನ್ನು ಇಂದೇ ವಿಚಾರಿಸಬೇಕು.

ಈ ಎರಡು ಲೆಕ್ಕಗಳೂ ಸರಿಹೋದ ತರುವಾಯವೇ ತಳಿಯ ಮಾತು. ಪ್ರತಿಯೊಂದು ತಳಿಯನ್ನೂ ಮನುಷ್ಯನು ಯಾವುದೋ ಒಂದು ಕೆಲಸಕ್ಕಾಗಿ ಬೆಳೆಸಿರುವನು. ಆ ಕೆಲಸದ ಸ್ವಭಾವ ಅದರ ರಕ್ತದಲ್ಲಿರುವದು. ನಮ್ಮ ನಾಡಿನಲ್ಲಿಯೇ ಇದಕ್ಕೆ ಹಳೆಯ ಸಾಕ್ಷಿಯುಂಟು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ, ಹತ್ತನೆಯ ಶತಮಾನದ ಶಾಸನವೊಂದು ದೊರೆತಿದೆ. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಾಳಿಯ ಕೀರ್ತಿಗೆ ನಾವು ತಲೆಬಾಗುವೆವು. ಆದರೆ ಅಂಬೆಗಾಲಿಡುವ ಕೂಸಿರುವ ಜಗಲಿಗೆ ಹಂದಿಯ ಮೇಲೆ ಬೀಳುವ ನಾಯಿ ತಕ್ಕದ್ದಲ್ಲ.

ಪರದೇಶದ ತಳಿಗಳನ್ನು ಇದೇ ದೃಷ್ಟಿಯಿಂದ ನೋಡೋಣ. ಲ್ಯಾಬ್ರಡಾರ್ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಯ ಸಂತತಿ. ಮಕ್ಕಳೊಡನೆ ಸಹನೆ ಬಹಳ, ಕಲಿಯುವ ಆಸೆ ಬಹಳ. ಅದೇ ಮೇರೆಗೆ ಹಸಿವೂ ಬಹಳ. ಓಡಾಟವಿಲ್ಲದೆ ತಿನಿಸು ಮಾತ್ರ ದೊರೆತರೆ ಬೊಜ್ಜು ಬೆಳೆದು ಕಾಲು ಹಿಡಿಯುವವು. ಕಾವಲಿಗೆಂದು ತಂದವರಿಗೆ ನಿರಾಶೆಯೇ ಸರಿ. ಅದು ಕಳ್ಳನಿಗೂ ಬಾಲ ಅಲ್ಲಾಡಿಸೀತು. ಜರ್ಮನ್ ಶೆಫರ್ಡ್ ಕುರಿ ಕಾಯುವ ನಾಯಿ, ಬುದ್ಧಿ ತೀಕ್ಷ್ಣ. ಕೆಲಸ ಕೊಟ್ಟು ಕಲಿಸುವವನಿದ್ದರೆ ಅದರಂಥ ಸೇವಕನಿಲ್ಲ; ಇಲ್ಲದಿದ್ದರೆ ಏನಾಗುವದೆಂಬುದನ್ನು ಮೇಲೆ ಹೇಳಿಯಾಗಿದೆ. ಚಪ್ಪಟೆ ಮೂಗಿನ ಪಗ್ ಮಕ್ಕಳಿಗೆ ಸೌಮ್ಯ ಸಂಗಾತಿ. ಆದರೆ ಅದರ ಉಸಿರಾಟವೇ ಕಷ್ಟದ್ದು, ಬೇಸಿಗೆಯ ಸೆಕೆಯಲ್ಲಿ ಏದುಸಿರು ಬಿಡುವದು. ಉದ್ದ ಬೆನ್ನಿನ ಡ್ಯಾಶ್‌ಹೌಂಡ್ ಬಿಲದ ಪ್ರಾಣಿಗಳ ಬೇಟೆಗಾಗಿ ಬೆಳೆಸಿದ್ದು. ಎತ್ತರದ ಜಗಲಿ, ಕಡಿದಾದ ಮೆಟ್ಟಿಲುಗಳಿರುವ ನಮ್ಮ ಮನೆಗಳಲ್ಲಿ ಹಾರಿ ಇಳಿದು ಬೆನ್ನೆಲುಬಿಗೆ ನೋವು ಮಾಡಿಕೊಳ್ಳುವದು. ಸೈಬೀರಿಯದ ಹಿಮದಲ್ಲಿ ಬಂಡಿಯೆಳೆದ ಹಸ್ಕಿಯನ್ನೂ, ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡನ್ನೂ ಮಲೆನಾಡಿನ ನಾಲ್ಕು ತಿಂಗಳ ಮಳೆಗೆ ತರುವದು ಪ್ರಾಣಿಗೆ ಮಾಡುವ ಅನ್ಯಾಯ. ದಟ್ಟ ತುಪ್ಪಳವು ಒಣಗದೆ ಮೈಯೆಲ್ಲ ಹುಣ್ಣಾಗುವದು. ನಮ್ಮಲ್ಲಿ ಪಾಮೇರಿಯನ್ ಎಂದು ಕರೆಯುವ ಬಿಳಿಯ ನಾಯಿ ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಅದು ಚುರುಕು, ಎಚ್ಚರ ಹೆಚ್ಚು, ಬೊಗಳುವದೂ ಹೆಚ್ಚು. ಕಿವಿ ಬಾಲಗಳನ್ನು ಜಗ್ಗುವ ಎಳೆಯ ಮಕ್ಕಳನ್ನು ಮಾತ್ರ ಅದು ಸಹಿಸಲಾರದು. ಏಳೆಂಟು ವರ್ಷ ದಾಟಿದ ಮಕ್ಕಳಿಗೆ ತಕ್ಕದ್ದು.

ನಮ್ಮ ಕರ್ನಾಟಕದ ಹೆಮ್ಮೆಯ ತಳಿ ಮುಧೋಳದ್ದು. ಘಟಪ್ರಭಾ ತೀರದ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇದನ್ನು ಹೆಸರಿಸಿದರು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ತುಪ್ಪಳ ಗಿಡ್ಡ, ಆರೋಗ್ಯ ಗಟ್ಟಿ, ಮನೆಯವರ ಮೇಲೆ ನಿಷ್ಠೆ ಅಪಾರ. ಆದರೆ ಅದು ಬಯಲುಸೀಮೆಯಲ್ಲಿ ಮೊಲವನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿ. ದಿನಾಲು ಓಡಲು ಬಯಲು ಬೇಕು; ಕಟ್ಟಿಹಾಕಿದರೆ ಕೊರಗುವದು. ಸುತ್ತಲೂ ಕಾಡಿರುವ ಊರಿನಲ್ಲಿ ಓಡುವದನ್ನು ಕಂಡು ಬೆನ್ನಟ್ಟಿತೆಂದರೆ ಕರೆದರೂ ತಿರುಗಿ ಬರಲಿಕ್ಕಿಲ್ಲ. ಓಟದ ಹವ್ಯಾಸವಿರುವ ತರುಣರ ಮನೆಗೆ ಅದು ಭೂಷಣ. ಪುರಸತ್ತಿಲ್ಲದ ಮನೆಗೆ ಅಲ್ಲ.

ಉಳಿದದ್ದು ನಮ್ಮ ನಾಡುನಾಯಿ. ಅದಕ್ಕೆ ವಂಶಾವಳಿಯ ಕಾಗದವಿಲ್ಲ. ಆದರೆ ಈ ಹವೆಯಲ್ಲಿ, ಈ ಮಳೆಯಲ್ಲಿ, ಈ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಬಾಳಿದ ಮೈ ಅದರದು. ಗಿಡ್ಡ ಕೂದಲು ಬೇಗನೆ ಒಣಗುವದು, ಗಾತ್ರ ಮಧ್ಯಮ, ಮುದುಕರ ಕೈಗೂ ಹತ್ತುವದು. ಎರಡು ತಿಂಗಳಾಗುವವರೆಗೆ ತಾಯಿಯೊಡನೆಯೇ ಬಿಟ್ಟು, ತಾಯಿಯ ಸ್ವಭಾವವನ್ನು ಕಣ್ಣಾರೆ ನೋಡಿ, ಹೆದರಿ ಮೂಲೆ ಸೇರದ, ಮೈಮೇಲೆ ಬಿದ್ದು ಕಚ್ಚಲೂ ಬಾರದ ಮರಿಯನ್ನು ಆರಿಸಿದರೆ ಸಾಮಾನ್ಯ ಗೃಹಸ್ಥನಿಗೆ ಇದಕ್ಕಿಂತ ಒಳ್ಳೆಯದು ದೊರೆಯಲಾರದೆಂದು ನಮ್ಮ ಮತ. ಹೆಣ್ಣುಮರಿಯೆಂದು ಹಿಂಜರಿಯಬೇಕಾಗಿಲ್ಲ, ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರಿಂದ ಮಾಡಿಸಬಹುದು.

ಯಾವ ನಾಯಿಯಾದರೂ ನಮ್ಮ ಸೀಮೆಯ ಕೆಲವು ಎಚ್ಚರಗಳು ತಪ್ಪುವದಿಲ್ಲ. ರಾತ್ರಿ ನಾಯಿಯನ್ನು ಬಾಗಿಲೊಳಗೆ ಮಲಗಿಸಬೇಕು. ಹೊರಗೆ ಕಟ್ಟಿದ ನಾಯಿ ಕಾವಲುಗಾರನಲ್ಲ, ಚಿರತೆಗೆ ಇಟ್ಟ ಎಡೆ. ಮಳೆಗಾಲದಲ್ಲಿ ಮೂಗಿನೊಳಗೆ ಇಂಬಳ ಸೇರುವದುಂಟು. ಪದೇ ಪದೇ ಸೀನಿ ರಕ್ತ ಬಂದರೆ ವೈದ್ಯರಿಗೆ ತೋರಿಸಬೇಕು. ಕೊಳೆರೋಗಕ್ಕೆಂದು ಮೈಲುತುತ್ತ ಕಲಸಿದ ಪೀಪಾಯಿಗಳನ್ನು ಅದರ ಬಾಯಿಗೆ ಎಟುಕುವಂತೆ ಇಡಬಾರದು. ಕಾಡಿನಲ್ಲಿ ತಿರುಗಿ ಬಂದ ನಾಯಿಯ ಮೈಯಲ್ಲಿ ಉಣುಗುಗಳಿರುವವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳಿಂದಲೇ ಹರಡುವದು. ಸಿದ್ದಾಪುರ ತಾಲೂಕಿನಲ್ಲಿಯೂ ಅದು ಕಾಣಿಸಿಕೊಂಡಿದೆ. ಆದುದರಿಂದ ನಾಯಿಯ ಮೈಗೆ ಉಣುಗಿನ ಔಷಧ ಹಚ್ಚಿಸದೆ ಅದನ್ನು ಮಕ್ಕಳ ಹಾಸಿಗೆಯ ಬಳಿ ಬಿಡಲಾಗದು.

ಊಟದ ವಿಷಯದಲ್ಲಿಯೂ ಒಂದು ಮಾತು. ಹಾಲು ಅನ್ನವೊಂದರಿಂದಲೇ ನಾಯಿ ಪುಷ್ಟವಾಗದು. ಮಾಂಸ ಮೊಟ್ಟೆಗಳು ಒಳಬಾರದ ಮನೆಗಳಲ್ಲಿ ಬೇಯಿಸಿದ ಬೇಳೆ, ಮೊಸರು, ಜೊತೆಗೆ ವೈದ್ಯರು ಹೇಳಿದ ಸಿದ್ಧ ಆಹಾರವನ್ನು ಕೊಡಬೇಕು. ನೀರುಳ್ಳಿ ಹಾಕಿದ ಸಾರುಹುಳಿ, ದ್ರಾಕ್ಷಿ, ಚಾಕಲೇಟುಗಳು ಅದಕ್ಕೆ ವಿಷ.

ಇನ್ನು ಮಕ್ಕಳಿಗೆ ಕಲಿಸತಕ್ಕದ್ದು. ಉಣ್ಣುವ, ಮಲಗಿದ, ಮರಿಹಾಕಿದ ನಾಯಿಯನ್ನು ಮುಟ್ಟಬಾರದು. ಅದನ್ನು ಬಿಗಿಯಾಗಿ ತಬ್ಬಬಾರದು. ಅಪರಿಚಿತ ನಾಯಿ ಬಂದರೆ ಓಡದೆ ಮರದಂತೆ ನಿಲ್ಲಬೇಕು. ಎಷ್ಟೇ ಸಾಧುವಾದ ನಾಯಿಯಿದ್ದರೂ ಎಳೆಯ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡಬಾರದು. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಆದಾಗ್ಯೂ ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಸೂಜಿಮದ್ದನ್ನು ಆರಂಭಿಸಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಮೆತ್ತುತ್ತ ವೇಳೆಗಳೆಯಬಾರದು. ಈ ರೋಗವು ಒಮ್ಮೆ ತಲೆದೋರಿದರೆ ಅದಕ್ಕೆ ಮದ್ದಿಲ್ಲ. ಮುಂಚಿತವಾಗಿ ತಡೆಯುವದೊಂದೇ ದಾರಿ.

ನಮ್ಮ ಮನೆಯಲ್ಲಿ ಈಗ ಕಂದುಬಣ್ಣದ ನಾಡುನಾಯಿಯೊಂದಿದೆ. ಅದರ ಊಟ, ನಡಿಗೆಗಳು ನಮ್ಮ ಪಾಲಿನವು, ಕೊನೆಕೊಯ್ಲಿನಲ್ಲಿಯೂ ತಪ್ಪಿಸುವದಿಲ್ಲ. ರಾತ್ರಿ ಅದು ಒಳಜಗಲಿಯ ಗೋಣಿಯ ಮೇಲೆ ಮಲಗುವದು. ಅಂದು ಪ್ರಶ್ನೆ ಕೇಳಿದ ಹುಡುಗಿಗೆ ಈಗ ತಿಳಿವಳಿಕೆ ಬಂದಿದೆ. ಅದರ ತಟ್ಟೆಯನ್ನು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವಳು. ಉಂಡಾದ ಮೇಲೆ ಅದು ತಾನಾಗಿಯೇ ಅವಳ ಬಳಿಗೆ ಬರುವದು. ಮಕ್ಕಳ ಹಟಕ್ಕೆ ಇಂದೇ ಮಣಿಯಬೇಕಾಗಿರುವ ವಾಚಕರು ಮೊದಲು ತಮ್ಮ ದಿನದಲ್ಲಿ ಒಂದೂವರೆ ತಾಸನ್ನು ಹುಡುಕಲಿ. ಸಿಕ್ಕದಿದ್ದರೆ, ‘ಈಗ ಬೇಡ’ ಎನ್ನುವದೂ ಮಕ್ಕಳಿಗೆ ಹೇಳತಕ್ಕ ಒಳ್ಳೆಯ ಮಾತೇ.