ಹೋದ ಹೇನು ಮತ್ತೆ ಬರುವುದೇಕೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದೆರಡು ತಿಂಗಳು ಕಳೆಯುವ ಹೊತ್ತಿಗೆ, ಎರಡು ಜಡೆ ಹಾಕುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದೇ ದೂರು: ‘ಹೋದ ವಾರ ತಾನೇ ಔಷಧಿ ಹಾಕಿ ತೊಳೆದಿದ್ದೆ, ಮತ್ತೆ ಹೇನು!’ ಬೈಗುಳವೆಲ್ಲ ಪಕ್ಕದ ಬೆಂಚಿನ ಹುಡುಗಿಗೆ. ಅವಳಿಂದ ಬಂದಿರಲೂಬಹುದು. ಆದರೆ ಎಷ್ಟೋ ಸಲ ಹೇನು ಹೊರಗಿನಿಂದ ಬಂದಿರುವುದಿಲ್ಲ, ಅದೇ ತಲೆಯಲ್ಲಿ ಉಳಿದಿದ್ದ ಸೀರು ಒಡೆದಿರುತ್ತದೆ.

ಎಳ್ಳುಕಾಳಿನಷ್ಟಿರುವ ಹೆಣ್ಣು ಹೇನು ತಲೆಯಲ್ಲಿ ಸುಮಾರು 30 ದಿನ ಬದುಕುತ್ತದೆ. ದಿನಕ್ಕೆ ಆರೆಂಟು ಮೊಟ್ಟೆ ಇಟ್ಟು, ಒಂದೊಂದನ್ನೂ ನೆತ್ತಿಯ ಬಿಸಿ ತಾಗುವಂತೆ ಕೂದಲಿನ ಬುಡಕ್ಕೆ ಅಂಟಿಸುತ್ತದೆ. ಸೀರು ಒಡೆಯಲು 7ರಿಂದ 10 ದಿನ ಬೇಕು. ಮರಿ ಬೆಳೆದು ತಾನೂ ಮೊಟ್ಟೆಯಿಡಲು ಮತ್ತೆ 9ರಿಂದ 12 ದಿನ. ಔಷಧಿ ಅಂಗಡಿಯ ಪರ್ಮೆತ್ರಿನ್ ಲೋಷನ್ ಹೇನನ್ನೂ ಮರಿಯನ್ನೂ ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಹಾಗಾಗಿ ಒಂಬತ್ತು ದಿನದ ಹೊತ್ತಿಗೆ ಎರಡನೇ ಸಲ ಹಾಕಲೇಬೇಕು. ಅಷ್ಟರಲ್ಲಿ ಉಳಿದ ಸೀರು ಬಹುಪಾಲು ಒಡೆದಿರುತ್ತದೆ, ಮರಿ ಇನ್ನೂ ಮೊಟ್ಟೆ ಇಟ್ಟಿರುವುದಿಲ್ಲ. ನಮ್ಮಲ್ಲಿ ತುರಿಕೆ ನಿಂತಿತೆಂದರೆ ಬಾಟಲಿ ಅಟ್ಟ ಸೇರುತ್ತದೆ, ಎಡವಟ್ಟಾಗುವುದು ಅಲ್ಲೇ.

ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೇ ಲೋಷನ್ ಸುರಿಯುವವರಿದ್ದಾರೆ. ಎಣ್ಣೆಯಾಗಲಿ ಕಂಡಿಷನರ್ ಆಗಲಿ ಕೂದಲಿಗೆ ಪದರ ಕಟ್ಟಿ ಔಷಧಿಗೆ ಅಡ್ಡ ಬರುತ್ತದೆ. ಮೊದಲು ಬರೀ ಶಾಂಪೂ ಹಾಕಿ ತೊಳೆದು, ಟವೆಲಿನಿಂದ ಒರೆಸಿ. ಆಮೇಲೆ ಶೇ 1ರ ಲೋಷನ್ನನ್ನು ಬುಡದಿಂದ ತುದಿಯವರೆಗೆ ಹಚ್ಚಿ. ಕಿವಿಯ ಹಿಂದೆ, ಕತ್ತಿನ ಮೇಲೆ ಹೇನು ಜಾಸ್ತಿ, ಅಲ್ಲಿ ಮರೆಯಬೇಡಿ. ಹತ್ತು ನಿಮಿಷ ಬಿಟ್ಟು ತೊಳೆದರೆ ಸಾಕು. ಮತ್ತೆರಡು ದಿನ ತಲೆಸ್ನಾನ ಬೇಡ. ಸೀಮೆಎಣ್ಣೆಯನ್ನಂತೂ ಮುಟ್ಟಲೇಬೇಡಿ. ನೆತ್ತಿ ಸುಡುತ್ತದೆ, ಬಚ್ಚಲೊಲೆಯ ಹತ್ತಿರ ಹೋದರೆ ಮಗುವಿನ ತಲೆಗೇ ಬೆಂಕಿ ಹತ್ತಬಹುದು.

ಎಣ್ಣೆ ನಿಜವಾಗಿ ಕೆಲಸಕ್ಕೆ ಬರುವುದು ಬಾಚುವಾಗ. ಔಷಧಿ ಬೇಡ ಎನ್ನುವವರಿಗೆ ಇದೇ ದಾರಿ. ಕೆಲವು ಕಡೆ ಹೇನು ಪರ್ಮೆತ್ರಿನ್‌ಗೂ ಬಗ್ಗದಂತಾಗಿರುವುದರಿಂದ ಉಳಿದವರಿಗೂ ಇದು ಗೊತ್ತಿರಲಿ. ಕೂದಲನ್ನು ಒದ್ದೆ ಮಾಡಿ ಎಣ್ಣೆಯನ್ನೋ ಕಂಡಿಷನರನ್ನೋ ಧಾರಾಳವಾಗಿ ಹಚ್ಚಿದರೆ ಹೇನಿನ ಓಟ ನಿಧಾನವಾಗುತ್ತದೆ. ಹಗಲು ಬೆಳಕಿನಲ್ಲಿ ಮಗುವನ್ನು ಕೂರಿಸಿ, ಹೆಗಲಿಗೆ ಬಿಳಿ ಬಟ್ಟೆ ಹೊದಿಸಿ. ಬೆರಳಗಲದ ಎಳೆ ಹಿಡಿದು, ಹೇನು ಬಾಚಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆಯಿರಿ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಬಟ್ಟೆಗೆ ಒರೆಸಿ ನೋಡಿ. ಹೊಟ್ಟಾದರೆ ಊದಿದರೆ ಹಾರುತ್ತದೆ. ಸೀರು ಎರಡು ಉಗುರಿನ ನಡುವೆ ಹಿಡಿದು ಜಗ್ಗಿದರೂ ಸುಲಭಕ್ಕೆ ಬಿಡುವುದಿಲ್ಲ. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರವಿದ್ದರೆ ಅದು ಸಾಮಾನ್ಯವಾಗಿ ಖಾಲಿ ಚಿಪ್ಪು. ಕೂದಲು ತಿಂಗಳಿಗೆ ಸುಮಾರು ಅಷ್ಟು ಬೆಳೆಯುತ್ತದೆ, ಆ ಸೀರು ಎಂದೋ ಒಡೆದಿರುತ್ತದೆ. ಮೂರು ದಿನಕ್ಕೊಮ್ಮೆಯಂತೆ ಕನಿಷ್ಠ ಎರಡು ವಾರ ಬಾಚಬೇಕು. ಬೇಸರದ ಕೆಲಸ, ಹೌದು. ಮಕ್ಕಳ ಕೈಗೊಂದು ಕಥೆ ಪುಸ್ತಕ ಕೊಡಿ.

ಹೇನಿಗೆ ರೆಕ್ಕೆಯಿಲ್ಲ, ಅದು ಹಾರುವುದೂ ಇಲ್ಲ ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಹರಿದು ದಾಟುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ನೀರಿನಲ್ಲಿ ಗಂಟೆಗಟ್ಟಲೆ ಉಸಿರು ಕಟ್ಟಿ ಕೂರಬಲ್ಲ ಪ್ರಾಣಿ ಎರಡು ಚೊಂಬು ನೀರಿಗೆ ಸಾಯುತ್ತದೆಯೇ? ತಲೆಯಿಂದ ಬಿದ್ದರೆ ಮಾತ್ರ ಒಂದೆರಡು ದಿನವೂ ಉಳಿಯದು. ಆದ್ದರಿಂದ ಹಾಸಿಗೆಯನ್ನೆಲ್ಲ ಬಿಸಿಲಿಗೆ ಹೊತ್ತು ಹಾಕಬೇಕಿಲ್ಲ. ದಿಂಬಿನ ಚೀಲ, ರಿಬ್ಬನ್ನು, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ತೊಳೆದರೆ ಸಾಕು. ಮಗುವಿನ ಮಗ್ಗುಲಲ್ಲಿ ಮಲಗುವ ಅಜ್ಜಿಯ ತಲೆ ನೋಡುವುದು ಅದಕ್ಕಿಂತ ಮುಖ್ಯ.

ಹೇನು ಕಂಡ ಕೂಡಲೇ ಮಗುವನ್ನು ಮನೆಗೆ ಕಳಿಸುವ ಶಿಕ್ಷಕರಿಗೆ ಒಂದು ಮಾತು. ಮೊದಲ ಸಲ ಹೇನಾದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದ ಮಗುವನ್ನು ಇವತ್ತು ಎಬ್ಬಿಸಿ ಕಳಿಸಿ ಏನು ಸಾಧಿಸಿದಂತಾಯಿತು, ಪಾಠ ತಪ್ಪಿಸಿದ್ದು ಬಿಟ್ಟರೆ? ಹೇನಿನಿಂದ ಇಲ್ಲಿ ರೋಗವೇನೂ ಹರಡುವುದಿಲ್ಲ. ಕೆರೆದು ಗಾಯವಾಗಿ ಕೀವಾದರೆ, ಕತ್ತಿನಲ್ಲಿ ಗಂಟು ಬಂದರೆ ವೈದ್ಯರಿಗೆ ತೋರಿಸಬೇಕು. ಉಳಿದಂತೆ, ಯಾರ ಹೆಸರನ್ನೂ ಎತ್ತದೆ ಇಡೀ ತರಗತಿಯ ಪಾಲಕರಿಗೆ ಒಂದೇ ಚೀಟಿ ಕಳಿಸಿ: ಈ ಶನಿವಾರ ಎಲ್ಲರೂ ಮಕ್ಕಳ ತಲೆ ನೋಡಿ, ಹೇನಿದ್ದರೆ ಅಂದೇ ಔಷಧಿ ಹಾಕಿ. ಎರಡನೇ ಸಲ ಹಾಕಬೇಕಾದ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆದುಬಿಡಿ.